ಸೊಟ್ಟ ಮುತ್ತು

ನಮ್ಮ ಅಜ್ಜಿಯ ನತ್ತಿನಲ್ಲಿ ಏಳು ಮುತ್ತುಗಳಿದ್ದವು. ಆರು ದುಂಡಗಿದ್ದವು, ಒಂದು ಸೊಟ್ಟ. ಆ ಸೊಟ್ಟ ಮುತ್ತು ನೆನೆಸಿಟ್ಟ ಹುಣಸೆಬೀಜದ ಹಾಗೆ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಚಿಕ್ಕ ಗುಳಿ ಬಿದ್ದು, ನಡುವೆ ಸ್ವಲ್ಪ ಬಾಗಿಕೊಂಡಿತ್ತು. ಅಜ್ಜಿ ಅದಕ್ಕೆ ‘ಸೊಟ್ಟಕ್ಕ’ ಎಂದು ಹೆಸರಿಟ್ಟಿದ್ದಳು. ಹಬ್ಬದ ದಿನ ನತ್ತು ಹಾಕಿಕೊಂಡು ಕನ್ನಡಿ ನೋಡಿಕೊಳ್ಳುವಾಗ ಬೆರಳ ತುದಿಯಿಂದ ಅದನ್ನು ಒಮ್ಮೆ ಮುಟ್ಟಿ, ಸರಿಯಾಗಿ ಕೂತಿದ್ದಾಳೋ ಇಲ್ಲವೋ ನೋಡುತ್ತಿದ್ದಳು. ಮಿಕ್ಕ ಆರಕ್ಕೆ ಆ ಮರ್ಯಾದೆ ಇರಲಿಲ್ಲ.

1979ರಲ್ಲಿ ನನ್ನ ಮದುವೆ ನಿಶ್ಚಯವಾದಾಗ ಅಜ್ಜಿ ಆ ನತ್ತನ್ನು ನನ್ನ ಕೈಗಿಟ್ಟಳು. ಕುಮಟೆಯ ಕಡೆಯ ಹುಡುಗಿ ನಾನು, ಹೋಗಬೇಕಾದದ್ದು ಹುಬ್ಬಳ್ಳಿಯ ದೊಡ್ಡ ಮನೆಗೆ. ಆ ಮನೆಯ ಹೆಂಗಸರು ನಿಶ್ಚಿತಾರ್ಥದ ದಿನವೇ ನಮ್ಮ ಒಡವೆಗಳನ್ನೆಲ್ಲ ಕಣ್ಣಲ್ಲೇ ತೂಗಿಬಿಟ್ಟಿದ್ದರು. ನನಗೆ ಹೆದರಿಕೆ. ಅಜ್ಜಿಗೆ ಹೇಳದೆ ನತ್ತನ್ನು ಪೇಟೆಯ ಒಬ್ಬ ಅಕ್ಕಸಾಲಿಯ ಹತ್ತಿರ ಒಯ್ದೆ. ಆತ ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ನೋಡಿ, “ಆರು ಒಳ್ಳೆಯ ಮಾಲು ತಂಗಿ, ಇದೊಂದು ಖೋಟಿ ಬಿದ್ದದ್ದು. ಇದನ್ನು ತೆಗೆದು ಚಂದದ್ದೊಂದು ಕಲ್ಚರ್ ಮುತ್ತು ಕೂರಿಸುತ್ತೇನೆ,” ಎಂದ. ನಾನು ಹೂಂ ಎಂದೆ. ಹಳೆಯ ಮುತ್ತನ್ನು ಆತನೇ ಇಟ್ಟುಕೊಂಡು ಕೂಲಿಯಲ್ಲಿ ಐದು ರೂಪಾಯಿ ಕಡಿಮೆ ಮಾಡಿದ. ನಾನು ಲಾಭವಾಯಿತೆಂದೇ ತಿಳಿದು ಬಸ್ಸು ಹತ್ತಿದೆ.

ಮದುವೆಯ ದಿನ ನತ್ತು ತೊಡಿಸಲು ಬಂದ ಅಜ್ಜಿ ಅದನ್ನು ಒಂದು ಗಳಿಗೆ ಅಂಗೈಯಲ್ಲಿ ಹಿಡಿದು ನೋಡಿದಳು. “ಅವಳೆಲ್ಲಿ?” ಎಂದು ಕೇಳಿದಳು, ಅಷ್ಟೆ. ನಾನು ಉತ್ತರ ಕೊಡುವ ಮೊದಲೇ ವಾಲಗ ಶುರುವಾಯಿತು. ಆಮೇಲೆ ಐದು ವರ್ಷ ಬದುಕಿದ್ದರೂ ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈ ಸಂಗತಿ ನನ್ನೊಳಗೆ ಎಲ್ಲೋ ತಳಕ್ಕೆ ಹೋಗಿ ಕೂತಿತ್ತು. ಮೇಲೆದ್ದು ಬಂದದ್ದು 2008ರಲ್ಲಿ, ಹಳೇ ಗೋವೆಯಲ್ಲಿ. ಮಗಳು ವಾಸ್ತುಶಿಲ್ಪ ಓದುತ್ತಿದ್ದಳು. ಬೋಂ ಜೀಸಸ್ ಇಗರ್ಜಿಯನ್ನು ನೋಡಲೇಬೇಕೆಂದು ಹಟ ಹಿಡಿದು ನನ್ನನ್ನೂ ಎಳೆದುಕೊಂಡು ಹೋದಳು. ಹೊರಗಿನಿಂದ ನೋಡಿದರೆ ಅದು ನಮ್ಮೂರಿನ ಕಡೆಯ ಚಿರೇಕಲ್ಲಿನ ಕಟ್ಟಡವೇ, ಕೆಂಪಗೆ ಬಿಸಿಲಿಗೆ ಬೆಂದ ಹಾಗಿದೆ. ಮೊದಲು ಗಾರೆ ಇತ್ತಂತೆ, 1950ರ ದಶಕದಲ್ಲಿ ಕೆರೆದು ತೆಗೆದರು. ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ನೆಲದಿಂದ ಸೂರಿನವರೆಗೆ ಬಂಗಾರದ ಮುಲಾಮು ಹಾಕಿದ ಮರದ ಕೆತ್ತನೆ, ತಿರುಚಿದ ಕಂಬಗಳು, ಬಳ್ಳಿಗಳು, ದೇವದೂತರ ಕೆನ್ನೆಗಳು, ನಡುವೆ ಕಿರಣ ಚೆಲ್ಲುವ ದೊಡ್ಡ ಸೂರ್ಯ. ಕಣ್ಣಿಗೆ ಒಂದು ಕಡೆ ನಿಲ್ಲಲು ಜಾಗವೇ ಇಲ್ಲ. ನನ್ನ ಬಾಯಿಂದ ತಾನಾಗಿ ಬಂತು: “ಅಯ್ಯೋ, ಜಾಸ್ತಿಯಾಯಿತಲ್ಲವೇ?”

ಮಗಳು ನಕ್ಕಳು. “ಅಮ್ಮಾ, ಅದೇ ಇದರ ಹೆಸರು. ಇದಕ್ಕೆ ಬರೋಕ್ ಅನ್ನುತ್ತಾರೆ. ಹಾಗಂದರೆ ಅತಿಯಾದದ್ದು ಅಂತ ಬೈಗುಳ. ಮೂಲದಲ್ಲಿ ಪೋರ್ಚುಗೀಸ್ ಮಾತು, ಸೊಟ್ಟ ಮುತ್ತು ಅಂತ ಅರ್ಥ.”

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಕಾಲು ನೋಯುತ್ತಿದೆಯೇ ಎಂದು ಕೇಳಿದಳು. ಹೌದೆಂದೆ.

ಊರಿಗೆ ಬಂದ ಮೇಲೆ ಆ ಒಂದು ಪದದ ಬೆನ್ನು ಹತ್ತಿದೆ. ಸಂಸಾರ ಮುಗಿಸಿಕೊಂಡ ಹೆಂಗಸಿಗೆ ವಾಚನಾಲಯದಲ್ಲಿ ಕೂರಲು ಸಮಯ ಸಿಗುವುದು ಐವತ್ತರ ಮೇಲೆಯೇ. ಸಿಕ್ಕಿದ್ದನ್ನು ಓದಿದೆ, ಸಿಗದ್ದನ್ನು ಮಗಳಿಂದ ತರಿಸಿಕೊಂಡೆ.

ಪೋರ್ಚುಗೀಸ್ ಮಾತುಗಳು ನಮ್ಮ ಹೆಂಗಸರಿಗೆ ಹೊಸವೇನಲ್ಲ, ನಾವು ಅವನ್ನು ಆಡುತ್ತಿದ್ದೇವೆಂದು ಗೊತ್ತಿರುವುದಿಲ್ಲ ಅಷ್ಟೆ. ಅಜ್ಜಿ ದಿನಾ ಬೆಳಿಗ್ಗೆ ಬಾಲ್ದಿಯಲ್ಲಿ ನೀರು ತಂದು, ಸೊಂಟದ ಚಾವಿಯಿಂದ ಅಲಮಾರು ತೆಗೆದು, ಬಟಾಟೆ ಹೆಚ್ಚುತ್ತ ಕೂತರೆ ಅರ್ಧ ಪೋರ್ಚುಗೀಸ್ ಮಾತನಾಡಿದ ಹಾಗೆಯೇ. ಇಸ್ತ್ರಿ, ಪಗಾರ, ಪಾದ್ರಿ, ಅನಾನಸು ಇವೂ ಅದೇ ಹಡಗಿನಲ್ಲಿ ಬಂದವು. ಅತಿ ಎನ್ನಲು ಆ ಭಾಷೆಯಲ್ಲಿ ‘ದೆಮಾಸಿಯಾದು’, ‘ಎಶೆಸ್ಸಿವು’ ಎಂಬ ನೇರವಾದ ಗುಣವಾಚಕಗಳಿವೆ. ಆದರೆ ಅವು ಮನೆಯಲ್ಲೇ ಉಳಿದವು. ಲೋಕವನ್ನೆಲ್ಲ ಸುತ್ತಿ ಬಂದದ್ದು ‘ಬರ್ರೋಕು’.

ಈ ಪದ ಹುಟ್ಟಿದ್ದು ಹೇಗೆಂಬ ಜಗಳ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ. ಲ್ಯಾಟಿನಿನಲ್ಲಿ ಮೈಮೇಲಿನ ನರೂಲಿಗೆ ಹೇಳುವ ‘ವೆರೂಕ’ದಿಂದ ಬಂತೆಂದು ಕೆಲವರು, ಉಬ್ಬುತಗ್ಗಿನ ನೆಲಕ್ಕೆ ಹೇಳುವ ಮಾತಿನಿಂದ ಬಂತೆಂದು ಇನ್ನು ಕೆಲವರು. ಮುತ್ತಿಗೂ ಇದಕ್ಕೂ ಸಂಬಂಧವೇ ಇಲ್ಲ, ಹಳೆಯ ತರ್ಕಶಾಸ್ತ್ರದವರು ಒಂದು ಬಗೆಯ ತೊಡಕಿನ ವಾದಸರಣಿಗೆ ಇಟ್ಟುಕೊಂಡ ‘ಬರೋಕೊ’ ಎಂಬ ಸಂಕೇತದಿಂದ ಬಂದದ್ದೆಂದು ಹೇಳುವವರೂ ಇದ್ದಾರೆ. ನನಗೆ ಮುತ್ತೇ ಇರಲಿ. ಯಾಕೆಂದರೆ ಮುತ್ತಿಗೆ ಆ ಪದವನ್ನು ಬಳಸಿದ ಹಳೆಯ ಪುಸ್ತಕಗಳಲ್ಲಿ ಒಂದು ಅಚ್ಚಾದದ್ದು ಲಿಸ್ಬನ್ನಿನಲ್ಲಲ್ಲ, ಗೋವೆಯಲ್ಲಿ, 1563ರಲ್ಲಿ.

ಬರೆದವನು ಗಾರ್ಸಿಯಾ ದ ಓರ್ತಾ ಎಂಬ ವೈದ್ಯ. 1534ರಲ್ಲಿ ಗೋವೆಗೆ ಬಂದವನು ಮತ್ತೆ ತನ್ನ ದೇಶಕ್ಕೆ ಹಿಂದಿರುಗಲಿಲ್ಲ. ಅಹಮದ್‌ನಗರದ ಬುರ್ಹಾನ್ ನಿಜಾಮಶಾಹನ ಆಸ್ಥಾನಕ್ಕೆ ಹೋಗಿ ಬರುತ್ತಿದ್ದ, ಮುಂಬಯಿ ದ್ವೀಪವನ್ನು ಗುತ್ತಿಗೆಗೆ ಹಿಡಿದಿದ್ದ, ಇಲ್ಲಿನ ಗಿಡಮೂಲಿಕೆ, ಹಣ್ಣು, ಅಂಟು, ರತ್ನಗಳ ಬಗ್ಗೆ ಸಿಕ್ಕಸಿಕ್ಕ ವೈದ್ಯರನ್ನೂ ವ್ಯಾಪಾರಿಗಳನ್ನೂ ಕೇಳಿ ತಿಳಿದುಕೊಂಡ. ಅದನ್ನೆಲ್ಲ ಇಬ್ಬರ ಮಾತುಕತೆಯ ರೂಪದಲ್ಲಿ ಬರೆದ. ಒಬ್ಬ ಓರ್ತಾನೇ, ಇನ್ನೊಬ್ಬ ರುವಾನೊ ಎಂಬ ಕಲ್ಪನೆಯ ಡಾಕ್ಟರು. ನಡುನಡುವೆ ಸೇವಕಿಯೊಬ್ಬಳು ಬಂದು ಹಣ್ಣು ಕೊಟ್ಟು ಹೋಗುತ್ತಾಳೆ. ಓದಲು ನಮ್ಮ ಜಗಲಿಯ ಹರಟೆಯಂತೆಯೇ ಇದೆ. ಮುತ್ತಿನ ಮಾತು ಬಂದಾಗ ದುಂಡಗಿಲ್ಲದ, ರೂಪ ಸರಿಯಿಲ್ಲದ ಮುತ್ತುಗಳಿಗೆ ಅವನು ಬಳಸುವುದು ಈ ಪದವನ್ನೇ. ಅದರಲ್ಲಿ ಬೈಗುಳವಿಲ್ಲ. ಅಕ್ಕಿಯಲ್ಲಿ ನುಚ್ಚು ಎಂದ ಹಾಗೆ, ಅಂಗಡಿಯ ಮಾತು.

ಓರ್ತಾನ ಕಥೆ ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವನ ಮನೆತನ ಯಹೂದ್ಯರದು. 1497ರಲ್ಲಿ ಪೋರ್ಚುಗಲ್ಲಿನ ದೊರೆ ಯಹೂದ್ಯರನ್ನೆಲ್ಲ ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದ ಮೇಲೆ ಅಂಥವರಿಗೆ ‘ಹೊಸ ಕ್ರೈಸ್ತರು’ ಎಂಬ ಪಟ್ಟಿ ಅಂಟಿತು. ಹೊರಗೆ ಇಗರ್ಜಿ, ಒಳಗೆ ಹಳೆಯ ಧರ್ಮ ಎಂಬ ಗುಮಾನಿ ಅವರ ಮೇಲೆ ಎಂದೂ ಹೋಗಲಿಲ್ಲ. 1560ರಲ್ಲಿ ಗೋವೆಯಲ್ಲೂ ಮತವಿಚಾರಣೆಯ ನ್ಯಾಯಾಲಯ ಬಂತು. ಓರ್ತಾ 1568ರಲ್ಲಿ ತನ್ನ ಹಾಸಿಗೆಯಲ್ಲೇ ಸತ್ತ. ಮರುವರ್ಷ ಅವನ ತಂಗಿ ಕತರೀನಾಳನ್ನು ಗೋವೆಯಲ್ಲಿ ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನೂ ಗೋರಿಯಿಂದ ಅಗೆದು ತೆಗೆದು ಸುಟ್ಟರು. ಪುಸ್ತಕ ಮಾತ್ರ ಅಷ್ಟು ಹೊತ್ತಿಗೆ ಲ್ಯಾಟಿನಿಗೆ ಹೋಗಿ ಯುರೋಪಿನ ವೈದ್ಯರ ಕೈಸೇರಿತ್ತು. ಪುಸ್ತಕ ಬರೆದವನಿಗೆ ಎಲ್ಲರೂ ಹೆಸರು ಕೊಡುತ್ತಾರೆ. ಕತರೀನಾ ಏನು ಮಾಡಿಕೊಂಡಿದ್ದಳು, ಮುತ್ತು ತೊಡುತ್ತಿದ್ದಳೇ ಎಂದು ನಾನು ಎಷ್ಟೋ ದಿನ ಯೋಚಿಸಿದೆ.

ಮುತ್ತು ಸೊಟ್ಟಗಾಗುವುದು ಯಾಕೆ? ಅದನ್ನೂ ಓದಿಕೊಂಡೆ. ಚಿಪ್ಪಿನೊಳಗಿನ ಜೀವಿಯ ಮೈಗೆ ಏನೋ ಒಂದು ಹೊಕ್ಕು ಕಾಡುತ್ತದೆ. ನಾವೆಲ್ಲ ಶಾಲೆಯಲ್ಲಿ ಕಲಿತಂತೆ ಅದು ಮರಳಿನ ಕಣವೇ ಆಗಬೇಕಾಗಿಲ್ಲ, ಹೆಚ್ಚಾಗಿ ಯಾವುದೋ ಸಣ್ಣ ಪರೋಪಜೀವಿ. ಆ ಕಾಟವನ್ನು ಮುಚ್ಚಲು ಜೀವಿ ತನ್ನ ಹೊಳೆಯುವ ರಸವನ್ನು ಪದರ ಪದರವಾಗಿ ಸುತ್ತುತ್ತದೆ. ಮೆದುವಾದ ಜಾಗದಲ್ಲಿದ್ದು ತಿರುಗಲು ಎಡೆ ಸಿಕ್ಕರೆ ಮುತ್ತು ದುಂಡಗಾಗುತ್ತದೆ. ಸ್ನಾಯುವಿನ ಪಕ್ಕದಲ್ಲೋ ಚಿಪ್ಪಿನ ಮಡಿಕೆಯಲ್ಲೋ ಸಿಕ್ಕಿಕೊಂಡರೆ ಅಲುಗಾಡುವಂತಿಲ್ಲ. ಒತ್ತಿದ ಕಡೆ ತಗ್ಗು, ಎಡೆ ಸಿಕ್ಕ ಕಡೆ ಉಬ್ಬು. ಒಳಗಿನ ಹೊಳಪು ಎರಡಕ್ಕೂ ಒಂದೇ.

ಸಮುದ್ರದಲ್ಲಿ ತೀರ ದುಂಡಗಿನದೇ ಅಪರೂಪ. ಮನ್ನಾರಿನ ಕೊಲ್ಲಿಯ ಮುತ್ತಿನ ಸಂತೆಯಲ್ಲಿ ಹಿತ್ತಾಳೆಯ ಜರಡಿಗಳ ಒಂದು ಸಾಲೇ ಇರುತ್ತಿತ್ತು, 20 ತೂತಿನದರಿಂದ 1000 ತೂತಿನದರವರೆಗೆ. ಸಣ್ಣ ತೂತು, ಸಣ್ಣ ಮುತ್ತು. ಗಾತ್ರ ಸೋಸಿದ ಮೇಲೆ ರೂಪ, ಹೊಳಪು ನೋಡಿ ಮತ್ತೆ ಆರಿಸುತ್ತಿದ್ದರು. ಅದಕ್ಕಾಗಿ ಮುಳುಗುತ್ತಿದ್ದವರು ತೂತುಕುಡಿ ಕಡೆಯ ಪರವರು; ಕಾಲಿಗೆ ಕಲ್ಲು, ಸೊಂಟಕ್ಕೆ ಬುಟ್ಟಿ, ಉಸಿರು ಬಿಗಿ ಹಿಡಿದಷ್ಟು ಹೊತ್ತು. ಅವರು 1530ರ ದಶಕದಲ್ಲಿ ಪೋರ್ಚುಗೀಸರ ರಕ್ಷಣೆ ಬೇಡಿ ಕ್ರೈಸ್ತರಾದರು. 1542ರಲ್ಲಿ ಗೋವೆಗೆ ಬಂದಿಳಿದ ಫ್ರಾನ್ಸಿಸ್ ಕ್ಸೇವಿಯರ್ ಅದೇ ವರ್ಷ ಅವರ ನಡುವೆ ಕೆಲಸ ಮಾಡಲು ಹೋದ. ಅವನ ದೇಹವೇ ಈಗ ಬೋಂ ಜೀಸಸ್‌ನಲ್ಲಿ ಬೆಳ್ಳಿಯ ಪೆಟ್ಟಿಗೆಯಲ್ಲಿರುವುದು. ಬರೋಕ್ ಎಂದರೆ ಮುತ್ತು ಎಂದು ಮಗಳು ಹೇಳಿದ ಜಾಗದಿಂದ ಹತ್ತು ಹೆಜ್ಜೆಯಾಚೆಗೆ ಮುತ್ತು ಹೆಕ್ಕುವವರ ಪಾದ್ರಿ ಮಲಗಿದ್ದಾನೆ. ಆ ಹೊತ್ತಿಗೆ ನನಗದು ತಿಳಿದಿರಲಿಲ್ಲ.

ಅತಿ ಎಂಬ ಮಾತಿಗೆ ಬಂದರೆ, ಪೋರ್ಚುಗೀಸರೇ ಬೆರಗಾದ ಅತಿಯೊಂದು ನಮ್ಮಲ್ಲಿತ್ತು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಡೊಮಿಂಗೊ ಪಾಯೆಸ್ ಎಂಬವನು ವಿಜಯನಗರಕ್ಕೆ ಬಂದು ಮಹಾನವಮಿ ನೋಡಿದ. ರಾಣಿವಾಸದ ಹೆಂಗಸರ ಮೆರವಣಿಗೆಯನ್ನು ಅವನು ವರ್ಣಿಸುವುದನ್ನು ಓದಬೇಕು. ಬಂಗಾರ, ಮುತ್ತು, ವಜ್ರಗಳ ಭಾರಕ್ಕೆ ಕೆಲವರಿಗೆ ತೋಳು ಎತ್ತಲಾಗದೆ ಪಕ್ಕದ ಹೆಂಗಸರು ಅವರ ಕೈಗಳಿಗೆ ಆಸರೆ ಕೊಟ್ಟು ನಡೆಸುತ್ತಿದ್ದರಂತೆ. ಪಾಯೆಸ್ ಇದನ್ನು ಬೈಯುವುದಿಲ್ಲ. ಬಾಯಿ ಬಿಟ್ಟುಕೊಂಡು ನೋಡುತ್ತಾನೆ. ನನಗೆ ಮಾತ್ರ ಆ ಆಸರೆ ಕೊಟ್ಟ ಹೆಂಗಸರ ಮೇಲೆಯೇ ಕಣ್ಣು. ಅವರ ತೋಳುಗಳಿಗೂ ನೋವಾಗಿರಬೇಕಲ್ಲ!

ಇಲ್ಲಿಂದ ಮುತ್ತುಗಳು ಹಡಗು ಹತ್ತಿದವು, ಅವುಗಳೊಡನೆ ಹೆಸರೂ ಹತ್ತಿತು. ಯುರೋಪಿನ ಅಕ್ಕಸಾಲಿಗರು ಸೊಟ್ಟ ಮುತ್ತನ್ನು ಬಿಸಾಡಲಿಲ್ಲ. ಮೋಡದಲ್ಲಿ ನಾವು ಆನೆ ಕುದುರೆ ಕಾಣುವ ಹಾಗೆ ಅವರು ಅದರ ಉಬ್ಬಿನಲ್ಲಿ ಹಂಸದ ಎದೆ, ಮೀನಿನ ಹೊಟ್ಟೆ, ಹಡಗಿನ ಒಡಲು ಕಂಡರು. ಜರ್ಮನಿಯ ಡ್ರೆಸ್‌ಡೆನ್ನಿನಲ್ಲಿ ಸ್ಯಾಕ್ಸನಿಯ ಅರಸ ಅಗಸ್ಟಸ್ ಕೂಡಿಸಿಟ್ಟ ‘ಹಸಿರು ಖಜಾನೆ’ಯಲ್ಲಿ ಇಂಥ ಪುಟ್ಟ ಗೊಂಬೆಗಳು ಇಂದಿಗೂ ಇವೆ, ಕುಳ್ಳರು, ಕುಣಿಯುವವರು, ಎಲ್ಲರ ಹೊಟ್ಟೆಯೂ ಒಂದೊಂದು ಸೊಟ್ಟ ಮುತ್ತು. ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ಸಂಗ್ರಹಾಲಯದಲ್ಲಿ ‘ಕ್ಯಾನಿಂಗ್ ಪದಕ’ ಎಂಬುದೊಂದಿದೆ. ಸಮುದ್ರಪುರುಷನೊಬ್ಬ ಕತ್ತಿ ಎತ್ತಿ ನಿಂತಿದ್ದಾನೆ; ಅವನ ಎದೆಯಿಂದ ಹೊಟ್ಟೆಯವರೆಗೆ ಒಂದೇ ದೊಡ್ಡ ಮುತ್ತು, ಅದರ ಉಬ್ಬುತಗ್ಗುಗಳೇ ಪಕ್ಕೆಲುಬುಗಳಂತೆ ಕಾಣುತ್ತವೆ. 1857ರ ದಂಗೆಯ ಹೊತ್ತಿನಲ್ಲಿ ಗವರ್ನರ್ ಜನರಲ್ ಕ್ಯಾನಿಂಗ್ ಅದನ್ನು ಇಲ್ಲಿಂದಲೇ ಕೊಂಡೊಯ್ದ. ಬಹಳ ಕಾಲ ಅದನ್ನು ಮೊಗಲ ಬಾದಶಹನಿಗೆ ಇಟಲಿಯ ಮೆದಿಚಿ ಮನೆತನ ಕಳಿಸಿದ ಉಡುಗೊರೆ ಎಂದು ನಂಬಿದ್ದರು. ಅದು ಅಷ್ಟು ಹಳೆಯದಲ್ಲವೆಂದು ಈಗಿನ ಪರಿಣತರ ಅನುಮಾನ. ಹಳೆಯದೋ ಹೊಸದೋ, ಒಂದು ಸೊಟ್ಟ ಮುತ್ತಿಗೆ ಅಂಥ ಭಾಗ್ಯ.

ಪದದ ಗತಿ ಬೇರೆಯಾಯಿತು. 1611ರ ಸ್ಪ್ಯಾನಿಷ್ ನಿಘಂಟಿನಲ್ಲಿ ಅದು ಸಮವಿಲ್ಲದ ಮುತ್ತು, ಅಷ್ಟೆ. 1694ರ ಫ್ರೆಂಚ್ ಅಕಾಡೆಮಿಯ ನಿಘಂಟಿನಲ್ಲೂ ಮುತ್ತೇ. 1740ರ ಆವೃತ್ತಿ ಬರುವ ಹೊತ್ತಿಗೆ ಜೊತೆಗೊಂದು ಅರ್ಥ ಸೇರಿಕೊಂಡಿತು: ವಿಚಿತ್ರವಾದದ್ದು, ಕ್ರಮ ತಪ್ಪಿದ್ದು. ಅದಕ್ಕೂ ಮೊದಲೇ, 1733ರಲ್ಲಿ ರಾಮೋ ಎಂಬ ಸಂಗೀತಗಾರನ ಮೊದಲ ಗೀತನಾಟಕ ಪ್ಯಾರಿಸ್ಸಿನಲ್ಲಿ ರಂಗವೇರಿದಾಗ ಯಾರೋ ಹೆಸರು ಹಾಕದವರು ಪತ್ರಿಕೆಯಲ್ಲಿ ಅದನ್ನು ಬರೋಕ್ ಎಂದು ಹಳಿದರು. ಸ್ವರಗಳು ಜಾಸ್ತಿ, ಗದ್ದಲ ಜಾಸ್ತಿ, ರಾಗಕ್ಕೆ ಉಸಿರಾಡಲು ಬಿಡುವಿಲ್ಲ ಎಂಬ ಧಾಟಿ. ರೂಸೋ ತನ್ನ 1768ರ ಸಂಗೀತ ಕೋಶದಲ್ಲಿ ಇದನ್ನೇ ವ್ಯಾಖ್ಯೆ ಮಾಡಿ ಕೂರಿಸಿಬಿಟ್ಟ. ಆಮೇಲೆ ತಿರುಚಿದ ಕಂಬ, ಬಾಗಿದ ಗೋಡೆ, ಬಂಗಾರ ಮೆತ್ತಿದ ಸೂರು ಎಲ್ಲಕ್ಕೂ ಅದೇ ಬೈಗುಳ. ಹೀಗೆ ಬೈದವರೆಲ್ಲ ಸರಳರೇಖೆಯನ್ನೇ ವಿವೇಕ ಎಂದು ತಿಳಿದ ಗಂಡಸರು. ತಲೆಗೆ ಮಾತ್ರ ಪೌಡರು ಹಾಕಿದ ಕೃತಕ ಕೂದಲು ಧರಿಸುತ್ತಿದ್ದರು!

ಸೊಟ್ಟ ಎಂಬ ಮಾತು ಅತಿ ಎಂಬ ಅರ್ಥಕ್ಕೆ ಜಾರಿದ್ದು ಹೇಗೆಂದು ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ನಮ್ಮದೇ ಒಂದು ಮಾತು ಹೊಳೆಯಿತು. ‘ವಿಪರೀತ’ ಎಂದರೆ ಸಂಸ್ಕೃತದಲ್ಲಿ ತಿರುಗುಮುರುಗಾದದ್ದು, ಉಲ್ಟಾ ಆದದ್ದು. ನಾವು ಅದನ್ನು ಏನು ಮಾಡಿದ್ದೇವೆ ನೋಡಿ. ವಿಪರೀತ ಸೆಕೆ, ವಿಪರೀತ ಖಾರ, ವಿಪರೀತ ಮಾತು. ಸರಿದಾರಿಯಿಂದ ತಿರುಗಿದ್ದು ಯಾವುದೋ ಅದು ಜಾಸ್ತಿಯಾದದ್ದು ಕೂಡ ಎಂದು ಭಾಷೆಗೆ ಅನ್ನಿಸುತ್ತದೆ. ದುಂಡನೆಯ ಅಳತೆಯಿಂದ ಹೊರಗೆ ಚಾಚಿಕೊಂಡ ಭಾಗವೇ ಹೆಚ್ಚುವರಿ. ಕನ್ನಡದಲ್ಲಿ ದುಂಡಗಿನದಕ್ಕೆ ಎಷ್ಟು ಮರ್ಯಾದೆ! ಒಳ್ಳೆಯ ಮಾತಿಗೆ ಆಣಿಮುತ್ತು, ಒಳ್ಳೆಯ ಬರಹಕ್ಕೆ ದುಂಡಗಿನ ಅಕ್ಷರ. ನನ್ನ ಅಕ್ಷರ ಓರೆಯಾಗಿದ್ದುದಕ್ಕೆ ಮಾಸ್ತರರು ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು.

ಬೈಗುಳ ಹೆಸರಾಗಿ ನಿಂತದ್ದು ತೀರ ತಡವಾಗಿ. 1888ರಲ್ಲಿ ಹೈನ್ರಿಖ್ ವೋಲ್‌ಫ್ಲಿನ್ ಎಂಬ ಸ್ವಿಸ್ ವಿದ್ವಾಂಸ ಆ ಕಾಲದ ಕಲೆಗೆ ಅದರದೇ ನಿಯಮಗಳಿವೆಯೆಂದು ತೋರಿಸಿ ಪುಸ್ತಕ ಬರೆದ. ಅಂದಿನಿಂದ ಬರೋಕ್ ಎಂಬುದು ಮೆಲ್ಲಮೆಲ್ಲಗೆ ಒಂದು ಯುಗದ ಹೆಸರಾಯಿತು. ಆ ಯುಗದ ಶಿಲ್ಪಿಗಳಿಗೆ, ಬಾಖ್‌ನಂಥ ಸಂಗೀತಗಾರರಿಗೆ ತಮ್ಮನ್ನು ಮುಂದೆ ಹೀಗೆ ಕರೆಯುತ್ತಾರೆಂದು ಗೊತ್ತೇ ಇರಲಿಲ್ಲ.

ಪೋರ್ಚುಗಲ್ಲಿನಲ್ಲೇ ಅಂಥ ಒಬ್ಬಳಿದ್ದಳು, ಜೊಸೆಫಾ. 1630ರಲ್ಲಿ ಸ್ಪೇನಿನ ಸೆವಿಲ್ಲಾದಲ್ಲಿ ಹುಟ್ಟಿ, ಓಬಿದುಶ್ ಎಂಬ ಕೋಟೆಯೂರಿನಲ್ಲಿ ಬೆಳೆದವಳು. ತಂದೆ ಚಿತ್ರಕಾರ. ಮದುವೆಯಾಗಲಿಲ್ಲ. ತಂದೆತಾಯಿಯ ಒಪ್ಪಿಗೆಯಿಂದ ‘ಸ್ವತಂತ್ರ ಕನ್ಯೆ’ ಎಂಬ ಕಾನೂನಿನ ಸ್ಥಾನ ಪಡೆದು, ತನ್ನ ಹೆಸರಿನಲ್ಲೇ ಜಮೀನು ವ್ಯವಹಾರ ಮಾಡುತ್ತ, ಇಗರ್ಜಿಗಳಿಗೂ ಮಠಗಳಿಗೂ ಚಿತ್ರ ಬರೆಯುತ್ತ 1684ರವರೆಗೆ ಬದುಕಿದಳು. ಅವಳ ಚಿತ್ರಗಳಲ್ಲಿ ಸಂತರಷ್ಟೇ ಪ್ರೀತಿಯಿಂದ ತಿಂಡಿಗಳು ಬಂದಿವೆ. ತಟ್ಟೆಯಲ್ಲಿ ಪೇರಿಸಿದ ಕೇಕು ಮಿಠಾಯಿಗಳು, ಚಿಕ್ಕ ಬುಟ್ಟಿ, ರಿಬ್ಬನ್ನು, ಚೆಲ್ಲಿದ ಹೂಗಳು. ಬಲಿಯ ಕುರಿಮರಿಯ ಸುತ್ತಲೂ ಹೂವಿನ ಹಾರ. ಸೀಮಂತದ ದಿನ ನಮ್ಮಲ್ಲಿ ತಟ್ಟೆ ಜೋಡಿಸಿಟ್ಟ ಹಾಗೆಯೇ ಕಾಣುತ್ತದೆ. ಇವಳನ್ನು ಬಹುಕಾಲ ಮುಗ್ಧೆ, ಊರುಗಾಡಿನವಳು, ಸಿಹಿ ಜಾಸ್ತಿ ಎಂದು ಪಕ್ಕಕ್ಕೆ ಸರಿಸಿದವರಿದ್ದರು. 2015ರಲ್ಲಿ ಲಿಸ್ಬನ್ನಿನ ರಾಷ್ಟ್ರೀಯ ಕಲಾಸಂಗ್ರಹಾಲಯ ಅವಳ ಚಿತ್ರಗಳ ದೊಡ್ಡ ಪ್ರದರ್ಶನ ಏರ್ಪಡಿಸಿ, ಪೋರ್ಚುಗೀಸ್ ಬರೋಕನ್ನು ಕಂಡುಹಿಡಿದವಳೆಂಬ ಅರ್ಥ ಬರುವ ಹೆಸರನ್ನೇ ಅದಕ್ಕೆ ಕೊಟ್ಟಿತು.

ಪೋರ್ಚುಗೀಸರ ಅತಿ ಎಲ್ಲಕ್ಕಿಂತ ಮಿತಿಮೀರಿದ್ದು ಬ್ರೆಜಿಲಿನಲ್ಲಿ. ಅಲ್ಲಿಯ ಮಿನಾಸ್ ಜೆರೈಸ್ ಗುಡ್ಡಗಳಲ್ಲಿ 1690ರ ದಶಕದಲ್ಲಿ ಚಿನ್ನ ಸಿಕ್ಕಿತು. ಅಗೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಆ ಚಿನ್ನ ಇಗರ್ಜಿಗಳ ಒಳಗೋಡೆಗೆ ಹಾಳೆಯಾಗಿ ಅಂಟಿತು. ಬಾಹಿಯಾದ ಸಾಲ್ವಡೋರಿನಲ್ಲಿರುವ ಸಂತ ಫ್ರಾನ್ಸಿಸ್ ಇಗರ್ಜಿಯ ಒಳಗೆ ಬಂಗಾರವಿಲ್ಲದ ಜಾಗ ಹುಡುಕಬೇಕು. ಬಡತನದ ವ್ರತ ಹಿಡಿದ ಸಂತನಿಗೆ! ಇಂಥ ಕಡೆ ನನಗೂ ರೂಸೋನ ಪಕ್ಷ ಸೇರಬೇಕೆನ್ನಿಸುತ್ತದೆ.

ಆದರೆ ಅದೇ ಗುಡ್ಡಗಳಿಂದ ಒಬ್ಬ ಬಂದ. ಪೋರ್ಚುಗೀಸ್ ಮೇಸ್ತ್ರಿಗೂ ಗುಲಾಮ ಹೆಂಗಸಿಗೂ ಹುಟ್ಟಿದ ಮಗ ಆಂತೋನಿಯೊ ಫ್ರಾನ್ಸಿಸ್ಕೊ ಲಿಸ್ಬೋವಾ. ನಡುವಯಸ್ಸಿನಲ್ಲಿ ಯಾವುದೋ ರೋಗ ಬಂದು ಕೈಕಾಲು ವಿರೂಪವಾದವು. ಜನ ಅವನನ್ನು ಕರೆದದ್ದು ‘ಅಲೆಜಾದಿನ್ಯೊ’ ಎಂದು. ಕುಂಟಪ್ಪ, ಮೋಟಪ್ಪ ಎಂದು ನಮ್ಮೂರಿನಲ್ಲಿ ಕರೆದ ಹಾಗೆ. ಉಳಿಯನ್ನೂ ಸುತ್ತಿಗೆಯನ್ನೂ ಕೈಗೆ ಕಟ್ಟಿಸಿಕೊಂಡು ಕೆತ್ತುತ್ತಿದ್ದನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಕೊಂಗೊನ್ಯಾಸ್ ಎಂಬಲ್ಲಿ ಇಗರ್ಜಿಯ ಮೆಟ್ಟಿಲುಗಳ ಮೇಲೆ 1800ರಿಂದ 1805ರ ನಡುವೆ ಅವನು ನಿಲ್ಲಿಸಿದ ಹನ್ನೆರಡು ಪ್ರವಾದಿಗಳಿದ್ದಾರೆ. ಕಲ್ಲು ಯಾವುದು ಗೊತ್ತೇ? ಬಳಪದ ಕಲ್ಲು. ನಮ್ಮ ಬೇಲೂರು ಹಳೇಬೀಡುಗಳ ಶಿಲ್ಪಿಗಳು ಮದನಿಕೆಯ ಕೊರಳ ಹಾರದಲ್ಲಿ ಒಂದೊಂದು ಮಣಿಯನ್ನೂ ಬಿಡಿಸಿದ ಅದೇ ಜಾತಿಯ ಮೆತ್ತನೆ ಕಲ್ಲು. ಎರಡೂರಿನವರಿಗೂ ಒಬ್ಬರ ಸುದ್ದಿ ಒಬ್ಬರಿಗಿಲ್ಲ. ಕಲ್ಲು ಮೆತ್ತಗಿದ್ದರೆ ಕೈ ನಿಲ್ಲುವುದಿಲ್ಲವೇನೋ.

ಬ್ರೆಜಿಲಿನ ಓದಿದವರೂ ಒಂದು ಕಾಲಕ್ಕೆ ಇದನ್ನೆಲ್ಲ ಹಳ್ಳಿಯ ಅಬ್ಬರವೆಂದು ಮೂಗು ಮುರಿದಿದ್ದರು. 1924ರಲ್ಲಿ ಸಾವ್ ಪೌಲೊದ ಕೆಲವು ಹೊಸ ಬರಹಗಾರರು, ಕಲಾವಿದರು ಸೇರಿ ಆ ಊರುಗಳಿಗೆ ಪ್ರವಾಸ ಹೋದರು. ಅವರಲ್ಲಿ ತಾರ್ಸಿಲಾ ದೊ ಅಮರಾಲ್ ಎಂಬ ಚಿತ್ರಕಾರ್ತಿ ಇದ್ದಳು. ಮನೆಗಳಿಗೆ ಬಳಿದ ತೀಕ್ಷ್ಣವಾದ ಗುಲಾಬಿ, ನೀಲಿ, ಹಳದಿ ಬಣ್ಣಗಳನ್ನು ನೋಡಿ, ಇವೇ ನಾನು ಚಿಕ್ಕಂದಿನಲ್ಲಿ ಮೆಚ್ಚಿದ ಬಣ್ಣಗಳು, ಇವು ಗಾಂಪರ ಬಣ್ಣವೆಂದು ಆಮೇಲೆ ನನಗೆ ಕಲಿಸಿಕೊಟ್ಟರು ಎಂಬರ್ಥದ ಮಾತನ್ನು ಅವಳು ಮುಂದೆ ಬರೆದುಕೊಂಡಳು. ಅಂದಿನಿಂದ ಅವೇ ಬಣ್ಣಗಳನ್ನು ತನ್ನ ಚಿತ್ರಗಳಿಗೆ ಹಾಕಿದಳು.

ಇದನ್ನು ಓದಿದ ದಿನ ನನಗೆ ಹುಬ್ಬಳ್ಳಿಯ ಮನೆಯ ಮೊದಲ ವರ್ಷ ನೆನಪಾಯಿತು. ನನ್ನ ಪರಕರದ ಬಣ್ಣ ಜಾಸ್ತಿ, ಮಾತು ಜಾಸ್ತಿ, ನಗು ಜಾಸ್ತಿ, ಸಾರಿಗೆ ಕಾಯಿ ಜಾಸ್ತಿ. ಯಾರೂ ಗದರಿಸಲಿಲ್ಲ. “ಸ್ವಲ್ಪ ಅತಿ ಆತು ನೋಡವಾ,” ಎಂದು ಮೆಲ್ಲಗೆ ಹೇಳುತ್ತಿದ್ದರು. ಅಳತೆ ಯಾವುದು, ಅದನ್ನು ಇಟ್ಟವರು ಯಾರು ಎಂದು ಕೇಳುವುದು ನನಗೆ ಹೊಳೆಯಲಿಲ್ಲ. ಎಲ್ಲವನ್ನೂ ಒಂದೊಂದಾಗಿ ಕಡಿಮೆ ಮಾಡಿದೆ. ನಿಮ್ಮಲ್ಲಿ ಎಷ್ಟೋ ಜನ ಮಾಡಿರುತ್ತೀರಿ. ಅತ್ತೆಯವರನ್ನು ದೂರುವುದಿಲ್ಲ; ಅವರಿಗೂ ಯಾರೋ ಅದೇ ಜರಡಿ ಹಿಡಿದಿದ್ದರು.

ಅಕ್ಕಸಾಲಿ ಕೂರಿಸಿದ ಆ ಕಲ್ಚರ್ ಮುತ್ತಿನ ಬಗ್ಗೆಯೂ ಓದಿದೆ. ಜಪಾನಿನಲ್ಲಿ ಮಿಕಿಮೊಟೊ ಎಂಬವನು 1893ರಲ್ಲಿ ಮೊದಲ ಅರೆಗೋಲದ ಮುತ್ತು ಬೆಳೆದ. ಮುಂದಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಪೂರ್ತಿ ದುಂಡಗಿನದೂ ಸಾಧ್ಯವಾಗಿ ಪೇಟೆ ತುಂಬಿತು. 1930ರ ಹೊತ್ತಿಗೆ, ಜಗತ್ತಿನ ಆರ್ಥಿಕ ಕುಸಿತವೂ ಸೇರಿ, ಬಹರೇನ್ ಕುವೈತ್‌ಗಳ ಮುಳುಗುಗಾರರ ಜೀವನವೇ ಮುಳುಗಿತು. ಆ ಮುತ್ತು ಅಷ್ಟು ದುಂಡಗಿರುವ ಗುಟ್ಟು ಏನೆಂದರೆ ಚಿಪ್ಪಿನೊಳಗೆ ಇಡುವ ಮಣಿಯೇ ದುಂಡಗಿರುತ್ತದೆ. ಅಮೆರಿಕದ ಮಿಸಿಸಿಪಿ ಹೊಳೆಯ ಮಳಿಯ ಚಿಪ್ಪನ್ನು ಕಡೆದು ಆ ಮಣಿ ಮಾಡುತ್ತಾರೆ. ಮೇಲಿನ ತೆಳು ಪದರವಷ್ಟೇ ಮುತ್ತು. ಈಗ ಸೊಟ್ಟ ಮುತ್ತುಗಳಿಗೇ ಫ್ಯಾಶನ್ನು. ‘ಬರೋಕ್ ಪರ್ಲ್’ ಎಂದು ಹೆಸರು ಹಾಕಿ, ಸಿಹಿನೀರಿನಲ್ಲಿ ಬೆಳೆದವನ್ನು ಸರ ಪೋಣಿಸಿ ಮಾರುತ್ತಾರೆ. ಮಗಳು ಒಂದು ತಂದು ತೋರಿಸಿದಳು. ನಾನು ಒಂದೊಂದನ್ನೂ ಬೆರಳಲ್ಲಿ ಹೊರಳಿಸಿ ನೋಡಿದೆ. ಹುಣಸೆಬೀಜದಂಥದು ಇರಲಿಲ್ಲ.

ಆ ಅಕ್ಕಸಾಲಿಯ ಅಂಗಡಿ ಈಗಿಲ್ಲ, ಅಲ್ಲಿ ಮೊಬೈಲಿನವರು ಬಂದಿದ್ದಾರೆ. ನತ್ತು ನನ್ನ ಹತ್ತಿರವೇ ಇದೆ. ಕಳೆದ ದೀಪಾವಳಿಗೆ ಮಗಳು ಹಾಕಿಕೊಂಡಳು. ಅವಳು ಮೂಗು ಚುಚ್ಚಿಸಿಕೊಂಡಿಲ್ಲ, ಒತ್ತಿ ಕೂರಿಸುವ ಕೊಂಡಿ ಮಾಡಿಸಿಕೊಂಡಿದ್ದಾಳೆ. ಹಾಕುವ ಮುಂಚೆ ಮಲ್ಲಿನ ಬಟ್ಟೆಯಿಂದ ಒರೆಸಿಕೊಟ್ಟೆ. ಹಳೆಯ ಆರು ಮುತ್ತುಗಳು ಬೆವರು, ಎಣ್ಣೆ, ಅರಿಶಿನ ಕುಡಿದು ಬೆಣ್ಣೆಯ ಬಣ್ಣಕ್ಕೆ ತಿರುಗಿವೆ. ಏಳನೆಯದು ಬೆಳ್ಳಗೆ, ದುಂಡಗೆ, ಕೂರಿಸಿದ ದಿನ ಇದ್ದ ಹಾಗೆಯೇ ಇದೆ. ಮೊಮ್ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು, ಏಳು ವರ್ಷದವಳು. ಅದನ್ನು ಬೆರಳಿನಿಂದ ತೋರಿಸಿ, “ಅಜ್ಜಿ, ಇದು ಯಾಕೆ ಇವುಗಳ ಹಾಗಿಲ್ಲ?” ಎಂದಳು.

ಅವಳಿಗೆ ಸೊಟ್ಟಕ್ಕನ ಕಥೆ ಹೇಳಲು ಶುರುಮಾಡಿದೆ. ಹೊರಗೆ ಯಾರೋ ಪಟಾಕಿ ಹಚ್ಚಿದರು, ಓಡಿಹೋದಳು.